ಚುಂಗ್‌ಮು ಬೀದಿಯ ಬಾಗಿಲುಗಳು

ಮೂರನೆಯ ನೋಟೀಸು ಬಂದಾಗಲೂ ಗಿಲ್‌ಸು ಮುದ್ರಣಯಂತ್ರ ನಿಲ್ಲಿಸಲಿಲ್ಲ.

“ಅಣ್ಣಾ, ಈ ಕಟ್ಟಡದಲ್ಲಿ ಉಳಿದಿರೋದು ನೀವೊಬ್ರೇ,” ವಾರ್ಡ್ ಕಚೇರಿಯ ಆನ್ ಎಂಬಾಕೆ ಆ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು. “ಹದಿನೈದನೇ ತಾರೀಖು ಒಡೀತಾರೆ.”

“ಒಡೀಲಿ. ನಾನು ಒಳಗೇ ಇರ್ತೀನಿ.”

“ಪಕ್ಕದ ಬೀದೀಲಿ ಇದಕ್ಕಿಂತ ದೊಡ್ಡ ಮಳಿಗೆ ಕೊಡ್ತೀವಿ ಅಂದ್ವಲ್ಲ?”

“ಅದು ಚುಂಗ್‌ಮುರೋ ಅಲ್ಲ.”

ಎದುರಿನ ಬೈಂಡಿಂಗ್ ಅಂಗಡಿಯ ಒಕ್‌ಬುನ್ ಅಜ್ಜಿ ಬಾಗಿಲಲ್ಲೇ ನಿಂತು ನಕ್ಕಳು. “ಬರೀ ಹೆಸರಿಗೆ ಯಾಕೋ ಹೀಗೆ ಅಂಟ್ಕೊಂಡಿದ್ದೀಯ? ಸೇನಾಪತಿ ಯಿ ಸುನ್‌ಸಿನ್ ಸತ್ತು ನಾನೂರು ವರ್ಷ ಆಯ್ತು. ಅವನ ಚುಂಗ್‌ಮು ಬಿರುದು ಈ ಬೀದಿಗಿದೆ, ಶಾಲೆಗಿದೆ, ಸೈನ್ಯದ ಪದಕಕ್ಕಿದೆ. ದಕ್ಷಿಣದಲ್ಲಿ ಒಂದು ಬಂದರಿಗೂ ಇತ್ತು, ಬದಲಾಯಿಸಿದ್ರು. ಚುಂಗ್‌ಮು ಅನ್ನೋ ಹೆಸರು ಹೋಯ್ತು ಅಂತ ಅಲ್ಲಿನವರು ಮೀನು ಹಿಡಿಯೋದು ಬಿಟ್ರಾ?”

ಗಿಲ್‌ಸು ಯಂತ್ರಕ್ಕೆ ಕಾಗದ ತುಂಬಿದ. ಅವನು ಅಂಟಿಕೊಂಡದ್ದು ಸೇನಾಪತಿಗಲ್ಲ.

ಸಾವಿರದ ಒಂಬೈನೂರ ಅರವತ್ಮೂರರ ಸುಗ್ಗಿ ಹಬ್ಬ. ಸಿಯೋಲ್ ರೈಲು ನಿಲ್ದಾಣದ ಜಂಗುಳಿಯಲ್ಲಿ ನಾಲ್ಕು ವರ್ಷದ ಗಂಡುಮಗುವೊಂದು ಸಿಕ್ಕಿತ್ತು. ಹೆಸರು ಕೇಳಿದರೆ “ಪುಟ್ಟ” ಎಂದಿತು. ಉಳಿದ ಯಾವ ಪ್ರಶ್ನೆಗೂ ಒಂದೇ ಅಳು: “ಚುಂಗ್‌ಮುರೋ, ಚುಂಗ್‌ಮುರೋ.” ರೋ ಎಂದರೆ ಬೀದಿ. ಪೇದೆಯೊಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಚುಂಗ್‌ಮು ಬೀದಿಗೆ ಬಂದ. ಮೂರು ದಿನ ಒಂದೊಂದೇ ಬಾಗಿಲು ತಟ್ಟಿದ. ಯಾರೂ ‘ನಮ್ಮದು’ ಅನ್ನಲಿಲ್ಲ. ನಾಲ್ಕನೆಯ ದಿನ ಮಗು ಅನಾಥಾಲಯ ಸೇರಿತು. ಗಿಲ್‌ಸು ಎಂಬ ಹೆಸರು ಅಲ್ಲಿನವರು ಇಟ್ಟದ್ದು.

ಹದಿನಾರಕ್ಕೆ ಅವನು ಇದೇ ಬೀದಿಯ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ; ಮುಂದೆ ಇಲ್ಲೇ ಸ್ವಂತ ಅಂಗಡಿ ಇಟ್ಟ. ಅವತ್ತು ತಟ್ಟಿದ ಬಾಗಿಲುಗಳಲ್ಲೊಂದರ ಹಿಂದೆ ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಮಗನ ದನಿ ಕೇಳಿಯೂ ಅವಳು ಅಗುಳಿ ತೆಗೆದಿರಲಿಲ್ಲ. ಎಂದಾದರೂ ಈ ಬೀದಿಯಲ್ಲಿ ಅವಳು ಎದುರಾಗುತ್ತಾಳೆ. ಆಗ ಕೇಳಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದ: ಯಾಕೆ?

ಮೂವತ್ತೊಂದು ವರ್ಷ ಅವನು ದಾರಿಹೋಕ ಹೆಂಗಸರ ಮುಖ ನೋಡಿದ. ತನ್ನ ಕಿವಿಯಂಥ ಕಿವಿ, ತನ್ನಂಥ ಗಲ್ಲ ಹುಡುಕಿದ. ಹಬ್ಬಕ್ಕೆ ಬೀದಿಯೆಲ್ಲ ಮುಚ್ಚಿ ಜನ ಊರಿಗೆ ಹೋದರೂ ಅವನ ಅಂಗಡಿ ತೆರೆದಿರುತ್ತಿತ್ತು. ಮದುವೆಯ ಮಾತೆತ್ತಿದರೆ, “ಹೆತ್ತವಳೇ ಬೇಡ ಅಂದವನನ್ನ ಇನ್ಯಾರಿಗಜ್ಜಿ ಕಟ್ತೀರಿ?” ಎಂದು ಒಕ್‌ಬುನ್ ಅಜ್ಜಿಯ ಬಾಯಿ ಮುಚ್ಚಿಸುತ್ತಿದ್ದ. ಕಾಯುತ್ತ ಕಾಯುತ್ತ ಅವನು ಅಮ್ಮನನ್ನು ಚೆನ್ನಾಗಿ ದ್ವೇಷಿಸಲು ಕಲಿತಿದ್ದ.

ಹನ್ನೆರಡನೆಯ ತಾರೀಖು ಜಿಂಜು ಊರಿನ ಹೆಂಗಸೊಬ್ಬಳು ತಮ್ಮನ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಬಂದಳು. ಸೆರಗು ಹಿಡಿದಂತೆ ಅವಳ ಕೋಟು ಹಿಡಿದು ಪುಟ್ಟ ಮಗಳು. ಮಗುವಿಗೆ ಶಾಯಿಯ ವಾಸನೆ ಹಿಡಿಸಲಿಲ್ಲ. ನೆಲದ ಮೇಲೆ ಕುಳಿತು ಅಳತೊಡಗಿತು.

“ಜಿಂಜುರೋ! ಜಿಂಜುರೋ!”

ಗಿಲ್‌ಸು ಬಗ್ಗಿ ನಕ್ಕ. “ಜಿಂಜುರೋನಾ? ಅದ್ಯಾವ ಬೀದಿ ಪುಟ್ಟೀ? ಸಿಯೋಲ್‌ನಲ್ಲಿ ನಾನಂತೂ ಕೇಳಿಲ್ಲಪ್ಪ.”

“ಬೀದಿ ಅಲ್ಲಣ್ಣ,” ತಾಯಿಯೂ ನಕ್ಕಳು. “‘ಜಿಂಜುಗೆ ಹೋಗೋಣ’ ಅಂತಿದ್ದಾಳೆ, ನಮ್ಮೂರಿಗೆ. ಅಳೋವಾಗ ‘ಹೋಗೋಣ’ ನುಂಗಿಬಿಡ್ತಾಳೆ, ಬರೀ ‘ಜಿಂಜುರೋ’ ಉಳಿಯುತ್ತೆ.”

ಬೀದಿಗೂ ‘ರೋ’. ಊರಿನ ಹೆಸರಿಗೆ ಹತ್ತಿದರೆ ಊರಿ‘ಗೆ’ ಎನ್ನುವುದಕ್ಕೂ ಅದೇ ‘ರೋ’. ದಿನಕ್ಕೆ ಹತ್ತು ಸಲ ಆಡುವ ಮಾತು.

ಗಿಲ್‌ಸು ‘ಚುಂಗ್‌ಮುರೋ’ ಎಂದು ತನಗೆ ತಾನೇ ಹೇಳಿ ನೋಡಿದ. ಕರೆಯೋಲೆಗೆ ಬಣ್ಣ ಯಾವುದಿರಲಿ ಎಂದು ಆ ಹೆಂಗಸು ಎರಡು ಸಲ ಕೇಳಿದಳು. ಅವನಿಗೆ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಆನ್‌ಳ ಮೇಜಿನ ಮೇಲೆ ಅಂಗಡಿಯ ಕೀಲಿ ಇಟ್ಟ.

“ಅಯ್ಯೋ, ಸತ್ತರೂ ಈ ಬೀದಿ ಬಿಡಲ್ಲ ಅಂತಿದ್ರಿ?”

“ನನ್ನದು ಈ ಬೀದಿ ಅಲ್ಲಮ್ಮ. ಯಾವತ್ತೂ ಆಗಿರಲಿಲ್ಲ.”

ಬಸ್ಸು ದಕ್ಷಿಣದ ಕಡಲಂಚು ಮುಟ್ಟಿದಾಗ ಮಧ್ಯಾಹ್ನ. ನಿಲ್ದಾಣದ ಫಲಕದಲ್ಲಿ ಟೊಂಗ್‌ಯಂಗ್ ಎಂದಿತ್ತು. ಹನ್ನೊಂದು ವರ್ಷದ ಹಿಂದಿನವರೆಗೆ ಆ ಊರಿನ ಹೆಸರು ಚುಂಗ್‌ಮು.

ಬಂದರಿನ ಮಾರುಕಟ್ಟೆಯಲ್ಲಿ ಸಿಂಪಿ ಸುಲಿಯುವ ಮುದುಕಿಯರ ಸಾಲಿತ್ತು. ಅರವತ್ಮೂರರಲ್ಲಿ ಸಿಯೋಲ್‌ನಲ್ಲಿ ಮಗನನ್ನು ಕಳಕೊಂಡವರು ಈ ಊರಲ್ಲಿ ಯಾರಾದರೂ ಇದ್ದರೇ ಎಂದು ಅವನು ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಐದನೆಯವಳ ಕೈಯ ಚಾಕು ನಿಂತಿತು. ಅವಳು ಅವನ ಕಿವಿಯನ್ನೇ ನೋಡಿದಳು.

“ಮಾಲ್‌ಸುನ್ ಮಗನಾ ನೀನು?”

ಅವನಿಗೆ ಹೂಂ ಎನ್ನಲೂ ಗೊತ್ತಿರಲಿಲ್ಲ, ಊಹೂಂ ಎನ್ನಲೂ.

“ಇಲ್ಲೇ ನನ್ನ ಪಕ್ಕ ಕೂರ್ತಿದ್ಲು ಕಣಪ್ಪ. ತೀರಿಕೊಂಡು ಎಂಟು ವರ್ಷ ಆಯ್ತು. ಗಂಡನ್ನ ಆಸ್ಪತ್ರೆಗೆ ತೋರಿಸೋಕೆ ಅಂತ ಸಿಯೋಲ್‌ಗೆ ಹೋಗಿದ್ರು. ವಾಪಸ್ ಬರೋ ರೈಲು ಹತ್ತೋ ನೂಕುನುಗ್ಗಲಲ್ಲಿ ನೀನು ಕೈ ತಪ್ಪಿಬಿಟ್ಟೆ.”

ಗಿಲ್‌ಸು ಒದ್ದೆ ನೆಲದ ಮೇಲೇ ಕುಳಿತ. ಮೂವತ್ತೊಂದು ವರ್ಷ ಕಾದಿಟ್ಟ ಪ್ರಶ್ನೆ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ. “ನನ್ನನ್ನ... ಹುಡುಕಿದ್ಲಾ?”

“ಹುಡುಕದೆ ಇರ್ತಾಳಾ? ಸಾಯೋವರೆಗೂ ಪ್ರತಿ ಸುಗ್ಗಿ ಹಬ್ಬಕ್ಕೆ ಸಿಯೋಲ್‌ಗೆ ಹೋಗ್ತಿದ್ಲು. ಬಿಟ್ಟ ಜಾಗಕ್ಕೇ ಬರ್ತಾನೆ ಅಂತ ಮೂರು ದಿನ ನಿಲ್ದಾಣದ ಬಾಗಿಲಲ್ಲಿ ಕೂತಿದ್ದು ಬರ್ತಿದ್ಲು.”

ಆ ನಿಲ್ದಾಣದಿಂದ ಚುಂಗ್‌ಮು ಬೀದಿಗೆ ಕಾಲುನಡಿಗೆಯಲ್ಲಿ ಅರ್ಧ ಗಂಟೆ.