ಶ್ರುತಿ ಕೊಡುವವರು

ಬಾಗಿಲು ತಳ್ಳುವ ಮುಂಚೆ ಪೂವಪ್ಪನವರ ಕಿವಿಗೆ ಬಿದ್ದದ್ದು ಶಿಷ್ಯ ಲಕ್ಷಿತನ ಒಂದೇ ಮಾತು: "ಮಾಸ್ಟ್ರಿಗೆ ಗೊತ್ತಾಗುವುದು ಬೇಡ."

ತಳ್ಳಿದೊಡನೆ ಅದೂ ನಿಂತಿತು. ಆರ್ಕೆಸ್ಟ್ರಾದ ಆಡಳಿತ ನೋಡಿಕೊಳ್ಳುವ ಟೆರೆನ್ಸ್ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಲಕ್ಷಿತ್ ತಲೆ ತಗ್ಗಿಸಿ, ಗೋಡೆಗೆ ಸರಿದು, ಗುರುವಿನ ಮುಖ ನೋಡದೆ ಹೊರಗೆ ಹೋದ.

"ಬನ್ನಿ ಪೂವಪ್ಪಣ್ಣ, ಕೂತ್ಕೊಳ್ಳಿ," ಎಂದ ಟೆರೆನ್ಸ್. ಮಂಗಳೂರಿನವನು. ಕೆಟ್ಟ ಸುದ್ದಿ ಹೇಳುವುದಿದ್ದರೆ ಮೊದಲು ಚಹಾ ತರಿಸುವವನು. ಇಂದು ಚಹಾ ಎರಡು ಸಲ ಬಂತು.

"ಮೊದಲ ಓಬೋ ಕುರ್ಚಿಗೆ ಮುಂದೊಂದು ದಿನ ಜನ ಬೇಕಲ್ವಾ? ಐದು ರೆಕಾರ್ಡಿಂಗ್ ಉಂಟು. ಹೆಸರಿಲ್ಲ, ನಂಬರ್ ಮಾತ್ರ. ಆ ಕುರ್ಚಿಯಲ್ಲಿ ಯಾರು ಕೂರಬಾರದು ಅಂತ ನೀವೇ ಬರೆದು ಕೊಡಿ."

"ಮುಂದೊಂದು ದಿನ ಅಂದ್ರೆ ಯಾವಾಗ?"

"ಅದು ನೀವು ಬರೆದದ್ದರ ಮೇಲೆ," ಎಂದ ಟೆರೆನ್ಸ್, ಲೋಟದೊಳಗೆ ನೋಡುತ್ತ.

ಆ ಕುರ್ಚಿ ಪೂವಪ್ಪನವರದೇ. ಜೂನ್‌ಗೆ ಅವರ ಕರಾರು ಮುಗಿಯುತ್ತಿತ್ತು. ಹೊಸ ಕಾಗದ ಇನ್ನೂ ಕೈಗೆ ಬಂದಿರಲಿಲ್ಲ.

ತಂದೆ ಪುತ್ತೂರಿನ ಬಳಿ ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರು. ಪೂವಪ್ಪ ಸೇನೆಯ ಬ್ಯಾಂಡು ಸೇರಿ ಓಬೋ ಹಿಡಿದರು. ಎರಡೂ ಜೊಂಡಿನ ಪೀಪಿಗೆ ಉಸಿರು ಕೊಟ್ಟು ಊದುವ ವಾದ್ಯ, ತುಟಿಗೆ ಹೊಸತೇನೂ ಅನ್ನಿಸಲಿಲ್ಲ. ಅಲ್ಲಿಂದ ಮಸ್ಕತ್, ಈ ಆರ್ಕೆಸ್ಟ್ರಾ, ಇಪ್ಪತ್ತೆರಡು ವರ್ಷ. ಕಛೇರಿಗೆ ಮುನ್ನ ಓಬೋ ಒಂದೇ ಒಂದು ಸ್ವರ ಹಿಡಿಯುತ್ತದೆ. ಎಂಬತ್ತು ವಾದ್ಯಗಳು ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತವೆ. ಆ ಸ್ವರ ಪೂವಪ್ಪನವರದು. ಕುರ್ಚಿ ಹೋದರೆ ವೀಸಾ ಹೋಯಿತು, ಮತ್ರಾದ ಮನೆ ಹೋಯಿತು. ಅದನ್ನೆಲ್ಲ ತಡೆದುಕೊಂಡಾರು. ಆದರೆ ಎಂಬತ್ತು ಜನ ತಮಗಾಗಿ ಕಾಯುವ ಆ ಒಂದು ಗಳಿಗೆ ಹೋದರೆ ತಾವು ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಈಗ ಒಂದೊಂದೇ ನೆನಪಾಯಿತು. ಹೋದ ವಾರ ವಯೊಲಿನ್‌ನ ಡೀನಾ ಶ್ರುತಿ ಅಳೆಯುವ ಪುಟ್ಟ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಅದನ್ನು ಒಳಗಿಡು. ಇಲ್ಲಿ ಶ್ರುತಿ ಅಂದರೆ ನಾನು," ಎಂದು ಪೂವಪ್ಪ ಗದರಿದ್ದರು. ಅವಳು ಲಕ್ಷಿತನ ಮುಖ ನೋಡಿದಳು, ಅವನು ನೆಲ ನೋಡಿದ. ಭಾನುವಾರ ಬೆಳಿಗ್ಗೆ ಎಂದಿನಂತೆ ಅಭ್ಯಾಸದ ಕೋಣೆಗೆ ಹೋದಾಗ ರೇಡಿಯೋದವರ ಮೈಕು ಇನ್ನೂ ಅಲ್ಲೇ ತೂಗುತ್ತಿತ್ತು. ರೇಡಿಯೋದವರ ಕೆಲಸ ಮುಗಿದು ಹತ್ತು ದಿನವಾಗಿತ್ತು. ಸರಿ, ತಮ್ಮ ಕುರ್ಚಿಗೆ ಕಣ್ಣು ಹಾಕಿದ ಆ ಕಳ್ಳ ಲಕ್ಷಿತ್ ಅಲ್ಲೇ ಕೂತು ತನ್ನ ರೆಕಾರ್ಡಿಂಗ್ ಮುಗಿಸಿಕೊಂಡಿದ್ದಾನೆ.

ಪೂವಪ್ಪ ಎದ್ದು ಹೊರಗೆ ಬಂದಾಗ ಕಳ್ಳ ಕಾರಿಡಾರಿನಲ್ಲಿ ಕಾಯುತ್ತಿದ್ದ.

"ಮಾಸ್ಟ್ರೇ, ಒಪ್ಪಬೇಡಿ. ಆ ರೆಕಾರ್ಡಿಂಗ್ ಕೇಳಬೇಡಿ."

"ಯಾಕೆ? ನಿನ್ನ ಗುಟ್ಟು ಹೊರಗೆ ಬೀಳ್ತದೆ ಅಂತವಾ?"

"ನಾನು ಅರ್ಜಿಯೇ ಹಾಕ್ಲಿಲ್ಲ."

ಎಂಟು ವರ್ಷ ಪ್ರತಿ ಶುಕ್ರವಾರ ಅಪ್ಪನ ಕಾರಿನಲ್ಲಿ ನಿಜ್ವಾದಿಂದ ಬಂದು, ಪೂವಪ್ಪನವರ ಹೆಂಡತಿ ಕುಸುಮ ಎರೆದ ನೀರುದೋಸೆ ತಿಂದು ಪಾಠ ಕಲಿತವನು. ಈಗ ಅವರ ಪಕ್ಕದ ಎರಡನೆಯ ಕುರ್ಚಿಯಲ್ಲಿ ಕೂರುವವನು. ಅಂಥವನು ಎದುರು ನಿಂತು ಸುಳ್ಳು ಹೇಳುತ್ತಿದ್ದಾನೆ. ಪೂವಪ್ಪನವರಿಗೆ ಸಿಟ್ಟಿಗಿಂತ ಹೆಚ್ಚು ನೋವಾಯಿತು. ನೋವು ಸಿಟ್ಟಿಗಿಂತ ಕೆಟ್ಟ ಸಲಹೆ ಕೊಟ್ಟಿತು. ಇವನ ನಂಬರ್ ಹುಡುಕುವುದು. ಹುಡುಕಿ ಮುಗಿಸಿಬಿಡುವುದು.

ಒಳಗೆ ಹೋಗಿ ಹೆಡ್‌ಫೋನ್ ಏರಿಸಿಕೊಂಡರು. ಪರೀಕ್ಷೆಗೆ ಇಟ್ಟಿದ್ದುದು ಅವರು ದಿನವೂ ಬೆಳಿಗ್ಗೆ ನುಡಿಸುವ ನಿಧಾನಗತಿಯ ತುಣುಕು. ಒಂದನೆಯವನು ಅವಸರದವನು. ಎರಡನೆಯವರು ಶುದ್ಧ. ಮೂರನೆಯವರೂ ಶುದ್ಧ, ಆದರೆ ಜೀವವಿಲ್ಲ.

ನಾಲ್ಕನೆಯದರಲ್ಲಿ, ಸ್ವರ ಮೇಲಕ್ಕೆ ಏರುವ ಮುನ್ನ, ಬಿಕ್ಕಿದ ಹಾಗೆ ಚಿಕ್ಕದೊಂದು ಉಸಿರು ಕೇಳಿಸಿತು.

ಪೂವಪ್ಪನವರ ಕೈ ಮೇಜಿನ ಮೇಲೆ ನಿಂತಿತು. ಅದು ಅವರ ತಂದೆಯ ಉಸಿರು. ಯಾವ ಪುಸ್ತಕದಲ್ಲೂ ಇಲ್ಲದ್ದು. ಈಗ ಭೂಮಿಯ ಮೇಲೆ ಅದು ಇಬ್ಬರಲ್ಲಿ ಮಾತ್ರ ಉಳಿದಿತ್ತು: ಅವರಲ್ಲಿ, ಅವರ ಬಳಿ ಕಲಿತ ಲಕ್ಷಿತನಲ್ಲಿ.

ಸಿಕ್ಕಿಬಿದ್ದೆ ಮಗನೇ, ಎಂದುಕೊಂಡರು.

ಸುಳ್ಳು ಬರೆಯಲು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ಮೊದಲ ಮೂವರ ಬೆನ್ನಿಗೆ ಕೇಳಿದಾಗ ಈ ನಾಲ್ಕನೆಯವನ ಸ್ವರ ಕೆಳಗಿತ್ತು. ಕೂದಲೆಳೆಯಷ್ಟಲ್ಲ, ಸ್ಪಷ್ಟವಾಗಿ ಕೆಳಗೆ. ಉದ್ದದ ಸ್ವರಗಳ ತುದಿ ನಡುಗುತ್ತಿತ್ತು. ಸತ್ಯವೇ ತಮ್ಮ ಕಡೆಗಿದೆ ಎಂದು ಪೂವಪ್ಪನವರಿಗೆ ಎಷ್ಟೋ ದಿನಗಳ ಮೇಲೆ ಸಮಾಧಾನವಾಯಿತು. ಐದನೆಯದನ್ನು ಅರ್ಧಕ್ಕೇ ನಿಲ್ಲಿಸಿ ಬರೆದರು:

"ನಂಬರ್ ನಾಲ್ಕು. ಉಸಿರು ಬತ್ತಿದೆ. ಶ್ರುತಿ ಇಳಿದಿದೆ, ಇಳಿದದ್ದು ಇವರ ಕಿವಿಗೆ ಗೊತ್ತಾಗುತ್ತಿಲ್ಲ. ಇಂಥವರು ಸ್ವರ ಕೊಟ್ಟರೆ ಇಡೀ ಆರ್ಕೆಸ್ಟ್ರಾ ತಪ್ಪುತ್ತದೆ. ಆ ಕುರ್ಚಿಯಲ್ಲಿ ಒಂದು ದಿನವೂ ಕೂರಿಸಬಾರದು."

ಟೆರೆನ್ಸ್ ಎರಡು ಸಲ ಓದಿದ. "ಇನ್ನೊಮ್ಮೆ ಕೇಳ್ತೀರಾ ಪೂವಪ್ಪಣ್ಣ? ಅವಸರ ಇಲ್ಲ."

"ಬೇಡ. ಖಲಾಸ್."

"ಹಾಗಾದ್ರೆ ಸೈನ್ ಮಾಡಿ."

ಮಾಡಿದರು. ಬಾಗಿಲಲ್ಲಿ ಲಕ್ಷಿತ್ ನಿಂತಿದ್ದ, ಕಣ್ಣು ಕೆಂಪಾಗಿತ್ತು. ಅಳಲಿ ಎಂದುಕೊಂಡರು ಪೂವಪ್ಪ. ಟೆರೆನ್ಸ್ ಡ್ರಾಯರಿನಿಂದ ಹೆಸರುಗಳ ಪಟ್ಟಿ ತೆಗೆದು ಅವರ ಮುಂದೆ ಇಟ್ಟ. ಲಕ್ಷಿತನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ನಾಲ್ಕನೆಯ ಸಾಲಿನಲ್ಲಿ ಹೀಗಿತ್ತು: ಪೂವಪ್ಪ, ಅಭ್ಯಾಸದ ಕೋಣೆ, ಭಾನುವಾರ ಬೆಳಿಗ್ಗೆ.