ಕೊನೆ ಗದ್ದೆಗೆ ಮೊದಲ ನೀರು

ಕೆರೆಗಳೆಲ್ಲ ಕಂಪ್ಯೂಟರಿನ ಆಜ್ಞೆ ಕೇಳುವ ಸರ್ವರ್ ಆದ ಮೇಲೆ ನಮ್ಮೂರ ತೂಬನ್ನು ಕೈಯಿಂದ ಎತ್ತುವವರಿಲ್ಲ. ನಾವು ಬರೆದದ್ದನ್ನು ಆಜ್ಞೆಯಾಗಿಸುವ ಎಐ ಎಡಿಟರನ್ನು ಕೆರೆಗೆ ಜೋಡಿಸುವ ಕೆಲಸ ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತ ನನ್ನ ಪಾಲಿಗೆ ಬಂತು. ಮಧ್ಯಾಹ್ನದೊಳಗೆ ನೀರು ಹರಿಯದಿದ್ದರೆ ಪೈರು ಉಳಿಯುವಂತಿರಲಿಲ್ಲ. ವಿಳಾಸ, ಕೀಲಿ ಎರಡನ್ನೂ ನಾಲ್ಕು ಸಲ ಸರಿನೋಡಿದೆ. ನಾಲ್ಕು ಸಲವೂ ಕೆರೆ 'ಒಲ್ಲೆ' ಎಂದಿತು. ನಾನೇ ಏನೋ ಕೆಡಿಸಿದ್ದೇನೆಂದುಕೊಂಡು, ಗದ್ದೆಗಳಿಗೆ ನೀರು ಬಿಡುವ ಸರದಿ ಬರೆದಿದ್ದ ಪುಟ ತೆರೆದೆ.

ಹಿಂದೆ ಕೈಯಿಂದಲೇ ತೂಬೆತ್ತಿ ನೀರು ಬಿಡುತ್ತಿದ್ದ ಹಳೆಯ ನೀರುಗಂಟಿ ತಿಪ್ಪೇರುದ್ರಜ್ಜ, ಪಕ್ಕದಲ್ಲಿ ಕೂತವನು, ಪರದೆಯತ್ತ ಬಗ್ಗಿದ. "ಯಾರ ಗದ್ದೆಗೆ ಮೊದ್ಲು ಅಂತ ಬರ್ದಿದೀಯವ್ವ?"

"ತೂಬಿನ ಪಕ್ಕದ್ದಕ್ಕೆ. ಹತ್ರ ಅಲ್ವಾ ಅಜ್ಜ?"

"ಅಯ್ಯೋ ಓದಿದೋಳೇ! ನೀರು ಕಮ್ಮಿ ಇದ್ದಾಗ ಕೊನೆ ಗದ್ದೆಗೇ ಮೊದ್ಲು. ನಮ್ಮಪ್ಪ ಐವತ್ತು ವರ್ಸ ಹಂಗೇ ಬಿಟ್ಟ. ಹುಡುಗ್ನಾಗಿ ಕೊನೆ ಗದ್ದೇಲಿ ಕಾಯ್ತಿದ್ದೋನು ನಾನೇ. ಕೆರೆ ಮರ್ತೀತಾ?"

ಕ್ರಮ ತಿರುಗಿಸಿ ಬರೆದೆ. ತಕ್ಷಣ ಜೋಡಣೆಯಾಯಿತು. ಕೆರೆ ತಾನು ಮಾಡಬಲ್ಲ ಕೆಲಸಗಳನ್ನು ತೋರಿಸಿತು: ಮಟ್ಟ ಅಳೆ, ತೂಬು ಎತ್ತು, ತೂಬು ಇಳಿಸು. ಅವುಗಳ ಕೆಳಗೆ, ನಾವ್ಯಾರೂ ಬರೆಯದ ಇನ್ನೊಂದಿತ್ತು: ಕೂಗಿ ಹೇಳು.

ತೂಬು ಎತ್ತಿಸಿದೆ. ಕಾಲುವೆಗೆ ನೀರು ನುಗ್ಗಿತು. ಆಮೇಲೆ ಹೆದರುತ್ತಲೇ ಆ ಕೊನೆಯದನ್ನು ಒತ್ತಿದೆ.

ಕೆರೆ ಏರಿಯ ಉದ್ದಕ್ಕೂ ಒಂದು ಗಂಡು ದನಿ ಎದ್ದಿತು: "ಕೊನೆ ಗದ್ದೇಲಿ ಯಾರಿದೀರ್ರೋ? ನೀರು ಬಂತೂ!"

ಎಂಬತ್ತು ದಾಟಿದ ಅಜ್ಜ ದಡಬಡಿಸಿ ಎದ್ದು ನಿಂತ.

"ಬಂದೆ ಅಪ್ಪಾ," ಎಂದ.