ಅತ್ತೆಯ ಫ್ಲೈವೀಲ್

ಯಾವುದಾದರೂ ಲೇಥ್ ಅಂಗಡಿಯಿಂದ ಸುಟ್ಟ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಅಪ್ಪನ ಲೇಥ್ ಅಂಗಡಿ ಚನ್ನಪಟ್ಟಣದ ಹೈವೇ ಪಕ್ಕದಲ್ಲಿತ್ತು. ಅಪ್ಪನ ತಂಗಿ, ನನ್ನ ಅತ್ತೆ, ಕಾರ್ ರೇಸಿಗೆ ಹೆಸರು ಕೊಟ್ಟಿದ್ದಳು. ಅದು ತಿಳಿದ ದಿನದಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದ. ಒಂದು ಭಾನುವಾರ ಮಧ್ಯಾಹ್ನ ನಾನು ಅಂಗಡಿಯಲ್ಲೇ ಅಪ್ಪನಿಗೆ ಊಟ ಬಡಿಸುತ್ತಿದ್ದಾಗ, ಅತ್ತೆ ತನ್ನ ಹಳೆ ಕಾರಿನ ಫ್ಲೈವೀಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಳು. ಇಂಜಿನ್ನಿನ ಆ ದಪ್ಪ ಚಕ್ರ ಹಗುರವಾದರೆ ಕಾರು ಬೇಗ ವೇಗ ಹಿಡಿಯುತ್ತದಂತೆ. ಬೇರೆ ಅಂಗಡಿಯವರು ನಕ್ಕು ಕಳಿಸಿದ್ದರು.

ಅಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. ಚಕ್ರವನ್ನು ಲೇಥಿಗೆ ಕಟ್ಟಿ ಕಡೆಯತೊಡಗಿದ. ಕಬ್ಬಿಣದ ಬಿಸಿ ಚೂರುಗಳು ನನ್ನ ಚಪ್ಪಲಿಯವರೆಗೂ ಉದುರಿದವು.

"ಒಸಿ ಇನ್ನೂ ತೆಗಿ ಅಣ್ಣಾ," ಎಂದಳು ಅತ್ತೆ.

ಅಪ್ಪ ಮೆಷಿನ್ ನಿಲ್ಲಿಸಿದ. "ತೀರಾ ತೆಳ್ಳಗಾದ್ರೆ ಓಡ್ತಾ ಓಡ್ತಾ ಸಿಡ್ದು ಕಾಲ್ಗೇ ಬಡೀತದೆ ಕಣವ್ವ. ಇಷ್ಟೇ ಸಾಕು."

ಎಷ್ಟೋ ವಾರಗಳ ನಂತರ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಅತ್ತೆ ತಲೆಯಾಡಿಸಿ, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡಳು.

ಸಂಜೆಯೊಳಗೆ ಇಬ್ಬರೂ ಸೇರಿ, ರೇಸಿಗೆಂದು ತಂದ ಗಡುಸು ಕ್ಲಚ್ಚಿನ ಜೊತೆ ಚಕ್ರವನ್ನು ಅತ್ತೆಯ ಮನೆ ಮುಂದೆ ನಿಂತಿದ್ದ ಕಾರಿಗೆ ಕೂರಿಸಿದರು. ಅತ್ತೆ ಹೊರಟರೆ, ಹಗುರ ಚಕ್ರ ಅವಳಿಗೆ ಇನ್ನೂ ಅಭ್ಯಾಸವಿಲ್ಲದೆ ಕಾರು ಎರಡು ಸಲ ಆಫ್ ಆಯಿತು.

"ಜಾಸ್ತಿ ರೇಸ್ ಕೊಟ್ಟು ಆಮೇಲೆ ಕ್ಲಚ್ ಬುಡವ್ವ!" ಎನ್ನುತ್ತಾ ಅಪ್ಪ ಕಿಟಕಿ ಹಿಡಿದು ಜೊತೆಗೇ ಓಡಿದ. ಮೂರನೆಯ ಸಲ ಕಾರು ಅವನ ಕೈ ಬಿಡಿಸಿಕೊಂಡು ಹೋಯಿತು. ಅಪ್ಪ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದ.

"ರೇಸು ಯಾವತ್ತಂತೆ? ನಾವೂ ಹೋಗಾನ."